ಅವಿಚ್ಛಿನ್ನತೆಯ ಎರಡು ಅರ್ಧಗಳು

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ, ಜೊತೆಗೆ ಟೊಪಾಲಜಿಯಲ್ಲಿ ಪಿಎಚ್.ಡಿ.ಗೆ ಸೇರಿಕೊಂಡಿದ್ದೇನೆ. ಓದಲು ಕೂತರೆ ಕ್ವಾಸಿ ಕಂಟಿನ್ಯುಯಸ್, ಸೆಮಿ ಕಂಟಿನ್ಯುಯಸ್, ಪ್ರೀ ಕಂಟಿನ್ಯುಯಸ್, ಆಲ್ಮೋಸ್ಟ್ ಕಂಟಿನ್ಯುಯಸ್, ವೀಕ್ಲಿ ಕಂಟಿನ್ಯುಯಸ್ ಎಂದು ಹೆಸರುಗಳ ಸಾಲೇ ಎದುರಾಗುತ್ತದೆ. ವಾಸ್ತವ ಸಂಖ್ಯೆಗಳ ಫಲನಗಳಿಗೆ ಇವುಗಳಿಂದ ನಿಜವಾಗಿ ಏನು ಸಿಗುತ್ತದೆ? ಯಾವುದನ್ನು ಹಿಡಿದು ಓದಬೇಕು, ಯಾವುದನ್ನು ಬಿಡಬಹುದು?

ಉತ್ತರ: ಕೊನೆಯ ಮಾತಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕ್ವಾಸಿ ಕಂಟಿನ್ಯುಯಸ್ ಎಂಬುದನ್ನು ಗಟ್ಟಿಯಾಗಿ ಹಿಡಿಯಿರಿ. ಅದರ ಜೋಡಿಯಾಗಿ ಪ್ರೀ ಕಂಟಿನ್ಯುಯಸ್ ಓದಿ, ಹಳಬರು ಅದನ್ನು ನಿಯರ್ಲಿ ಕಂಟಿನ್ಯುಯಸ್ ಎನ್ನುತ್ತಿದ್ದರು. ಮೂರನೆಯದಾಗಿ, ನಿಮ್ಮ ಪಟ್ಟಿಯಲ್ಲೇ ಇಲ್ಲದ ಅಪ್ರಾಕ್ಸಿಮೇಟ್ ಕಂಟಿನ್ಯುಯಿಟಿಯನ್ನು ಸೇರಿಸಿಕೊಳ್ಳಿ. ಉಳಿದ ಹೆಸರುಗಳಲ್ಲಿ ಬಹಳಷ್ಟು, ವಾಸ್ತವ ಫಲನಗಳ ಮಟ್ಟಿಗೆ, ನಾವು ಪಿಯುಸಿಯಲ್ಲಿ ಕಲಿತ ಅವಿಚ್ಛಿನ್ನತೆಯೇ (ಕಂಟಿನ್ಯುಯಿಟಿ) ಆಗಿಬಿಡುತ್ತವೆ. ಹಾಗೆ ಯಾಕೆ ಹೇಳುತ್ತೇನೆ ಎಂಬುದನ್ನು ಉದಾಹರಣೆ ಹಿಡಿದೇ ನೋಡೋಣ.

ಒಂದು ಕಾಗದದ ಮೇಲೆ ಮೆಟ್ಟಿಲು ಫಲನ ಬರೆಯಿರಿ. ಯಾವ ಸಂಖ್ಯೆ ಕೊಟ್ಟರೂ ಅದರ ಪೂರ್ಣಾಂಕ ಭಾಗ ಕೊಡುವ ಫಲನ: 0.99ಕ್ಕೆ 0, 1ಕ್ಕೆ 1, 1.7ಕ್ಕೂ 1. ಎಡದಿಂದ 1ರ ಕಡೆಗೆ ಬಂದರೆ ಬೆಲೆ 0, ಮುಟ್ಟಿದ ಕೂಡಲೇ 1ಕ್ಕೆ ಜಿಗಿತ. ಅವಿಚ್ಛಿನ್ನವಲ್ಲ, ಸರಿ. ಇನ್ನೊಂದು ಕಾಗದದ ಮೇಲೆ ಡಿರಿಕ್ಲೆ 1829ರಲ್ಲಿ ಕೊಟ್ಟ ಫಲನ ಬರೆಯಿರಿ, ಬರೆಯಲು ಸಾಧ್ಯವಾದಷ್ಟು: ಭಾಗಲಬ್ಧ ಸಂಖ್ಯೆಗೆ 1, ಅಭಾಗಲಬ್ಧಕ್ಕೆ 0. ಇದೂ ಅವಿಚ್ಛಿನ್ನವಲ್ಲ. ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಉತ್ತರ, ಒಂದೇ ಅಂಕ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಯಾರಿಗೂ ಇವೆರಡರ ಕೆಡುಕು ಒಂದೇ ಜಾತಿಯದು ಅನ್ನಿಸುವುದಿಲ್ಲ. ಆ ಅನಿಸಿಕೆಯನ್ನು ವ್ಯಾಖ್ಯೆಯಾಗಿ ಬರೆಯುವುದೇ ಈ ಇಡೀ ವಿಷಯದ ಹುಟ್ಟು.

ಮೆಟ್ಟಿಲಿನ ವಿಷಯ ನೋಡಿ. 1ರಲ್ಲಿ ಫಲನದ ಬೆಲೆ 1. 1ರ ಆಸುಪಾಸನ್ನು ಎಷ್ಟೇ ಕಿರಿದು ಮಾಡಿದರೂ ಅದರೊಳಗೆ, ಬಲಗಡೆಗೆ, ಒಂದು ಓಪನ್ ಇಂಟರ್ವಲ್ (ತುದಿಬಿಂದುಗಳು ಸೇರದ ತುಂಡು) ಸಿಗುತ್ತದೆ. ಅದರ ಉದ್ದಕ್ಕೂ ಬೆಲೆ 1. ಅಂದರೆ 1ರಲ್ಲಿರುವ ಬೆಲೆ ಒಂಟಿಯಲ್ಲ, ಪಕ್ಕದಲ್ಲೇ ಅದಕ್ಕೊಂದು ನೆಲೆ ಇದೆ. ಇದೇ ಕ್ವಾಸಿ ಕಂಟಿನ್ಯುಯಿಟಿ. ಕ ಎಂಬ ಬಿಂದುವಿನಲ್ಲಿ ಫ ಎಂಬ ಫಲನಕ್ಕೆ ಈ ಗುಣ ಇದೆ ಅಂದರೆ: ಕ-ದ ಯಾವುದೇ ಆಸುಪಾಸು ಕೊಡಿ, ಎಪ್ಸಿಲಾನ್ ಎಂಬ ಧನ ಸಂಖ್ಯೆ ಎಷ್ಟೇ ಚಿಕ್ಕದು ಕೊಡಿ, ಆ ಆಸುಪಾಸಿನೊಳಗೆ ಎಲ್ಲೋ ಒಂದು ಕಡೆ ಖಾಲಿಯಲ್ಲದ ಓಪನ್ ಸೆಟ್ (ಓಪನ್ ಇಂಟರ್ವಲ್‌ಗಳು ಸೇರಿ ಆದದ್ದು) ಇದೆ, ಅದರ ಎಲ್ಲ ಬಿಂದುಗಳಲ್ಲೂ ಬೆಲೆ ಫ(ಕ)ಗೆ ಎಪ್ಸಿಲಾನ್ ಅಂತರದೊಳಗೆ ಇರುತ್ತದೆ. ಆ ಓಪನ್ ಸೆಟ್ಟಿನಲ್ಲಿ ಕ ತಾನೇ ಇರಬೇಕೆಂದಿಲ್ಲ. ಸಡಿಲಿಕೆ ಅಷ್ಟೇ.

ಡಿರಿಕ್ಲೆ ಫಲನಕ್ಕೆ ಇದು ಯಾವ ಬಿಂದುವಿನಲ್ಲೂ ಇಲ್ಲ. ಯಾವ ಇಂಟರ್ವಲ್ಲಿನಲ್ಲೂ ಬೆಲೆ ನಿಲ್ಲುವುದಿಲ್ಲ. ಆದರೆ ಅದಕ್ಕೆ ಇನ್ನೊಂದು ಗುಣ ಇದೆ. ಅರ್ಧ ಎಂಬ ಬಿಂದುವಿನಲ್ಲಿ ಬೆಲೆ 1. ಅದೇ ಬೆಲೆ ಕೊಡುವ ಬಿಂದುಗಳು ಅರ್ಧದ ಸುತ್ತ ಎಡಕ್ಕೂ ಬಲಕ್ಕೂ ಎಲ್ಲೆಡೆ ದಟ್ಟವಾಗಿ ಹರಡಿವೆ, ಅಂದರೆ ಎಷ್ಟೇ ಚಿಕ್ಕ ಇಂಟರ್ವಲ್ ತೆಗೆದುಕೊಂಡರೂ ಅದರಲ್ಲಿ ಒಂದಾದರೂ ಇರುತ್ತದೆ. ಇದು ನಿಯರ್ಲಿ ಕಂಟಿನ್ಯುಯಿಟಿ: ಫ(ಕ)ಗೆ ಹತ್ತಿರದ ಬೆಲೆ ಕೊಡುವ ಬಿಂದುಗಳ ಸೆಟ್ಟಿನ ಕ್ಲೋಷರ್ (ಆ ಸೆಟ್ಟು ಮತ್ತು ಅದು ಎಷ್ಟು ಬೇಕಾದರೂ ಹತ್ತಿರ ಹೋಗುವ ಬಿಂದುಗಳೆಲ್ಲ) ಕ-ದ ಒಂದು ಆಸುಪಾಸನ್ನು ಪೂರ್ತಿ ಒಳಗೊಳ್ಳಬೇಕು. ಡಿರಿಕ್ಲೆ ಫಲನ ಪ್ರತಿ ಬಿಂದುವಿನಲ್ಲೂ ಇದನ್ನು ಪಾಲಿಸುತ್ತದೆ. ಮೆಟ್ಟಿಲು ಪಾಲಿಸುವುದಿಲ್ಲ, 1ರ ಎಡಗಡೆ 1ಕ್ಕೆ ಹತ್ತಿರದ ಬೆಲೆ ಒಂದೂ ಇಲ್ಲವಲ್ಲ.

ಹಾಗಾದರೆ ಎರಡೂ ಗುಣ ಇರುವ ಫಲನ ಯಾವುದು? ಅವಿಚ್ಛಿನ್ನ ಫಲನ ಮಾತ್ರ. ಮೊದಲ ಸಲ ಇದರ ಪುರಾವೆ ಓದಿದಾಗ ನನಗಾದ ಖುಷಿ ಈಗಲೂ ನೆನಪಿದೆ, ಅದಕ್ಕೇ ಪೂರ್ತಿ ಬರೆಯುತ್ತೇನೆ. ಫ ಎಲ್ಲ ಕಡೆ ಕ್ವಾಸಿ ಕಂಟಿನ್ಯುಯಸ್, ಕ ಎಂಬ ಬಿಂದುವಿನಲ್ಲಿ ನಿಯರ್ಲಿ ಕಂಟಿನ್ಯುಯಸ್ ಎಂದುಕೊಳ್ಳಿ. ಎಪ್ಸಿಲಾನ್ ಒಂದನ್ನು ಆರಿಸಿ. ಫ(ಕ)ಗೆ ಎಪ್ಸಿಲಾನ್ ಒಳಗಿನ ಬೆಲೆ ಕೊಡುವ ಬಿಂದುಗಳನ್ನು ‘ಒಳ್ಳೆಯವು’ ಅನ್ನೋಣ; ಅವು ಕ-ದ ಒಂದು ಆಸುಪಾಸಿನಲ್ಲಿ ದಟ್ಟವಾಗಿವೆ. ಆ ಆಸುಪಾಸಿನಲ್ಲಿ ಚ ಎಂಬ ಬಿಂದು ತಪ್ಪಿ ಹೋಗಿದೆ, ಫ(ಚ) ಮತ್ತು ಫ(ಕ) ನಡುವೆ ಎಪ್ಸಿಲಾನ್‌ಗಿಂತ ಹೆಚ್ಚು ಅಂತರ ಇದೆ ಎಂದುಕೊಳ್ಳಿ. ಚ-ದಲ್ಲಿ ಫ ಕ್ವಾಸಿ ಕಂಟಿನ್ಯುಯಸ್. ಆದ್ದರಿಂದ ಅದೇ ಆಸುಪಾಸಿನೊಳಗೆ ಒಂದು ಓಪನ್ ಸೆಟ್ ಇದೆ, ಅದರಲ್ಲಿ ಎಲ್ಲ ಬೆಲೆಗಳೂ ಫ(ಚ)ಗೆ ಅಂಟಿಕೊಂಡಿವೆ, ಎಷ್ಟೆಂದರೆ ಒಂದೂ ಫ(ಕ)ಯ ಎಪ್ಸಿಲಾನ್ ಒಳಗೆ ಬರುವುದಿಲ್ಲ. ಆದರೆ ಒಳ್ಳೆಯ ಬಿಂದುಗಳು ದಟ್ಟ. ಆ ಓಪನ್ ಸೆಟ್ಟಿನಲ್ಲೂ ಒಂದಾದರೂ ಇರಲೇಬೇಕು. ವಿರೋಧ ಬಂತು. ಹಾಗಾಗಿ ಆ ಆಸುಪಾಸಿನಲ್ಲಿ ಯಾವ ಬಿಂದುವೂ ತಪ್ಪಿ ಹೋಗಿಲ್ಲ, ಕ-ದಲ್ಲಿ ಫ ಅವಿಚ್ಛಿನ್ನ.

ನಿಯರ್ಲಿ ಕಂಟಿನ್ಯುಯಿಟಿ ಬೇಕಾದದ್ದು ಕ ಒಂದರಲ್ಲಿ ಮಾತ್ರ ಎಂಬುದನ್ನು ಗಮನಿಸಿ. ಇದು ಮುಂದೆ ದೊಡ್ಡ ಲಾಭ ಕೊಡುತ್ತದೆ. ಯಾಕೆಂದರೆ ನಿಯರ್ಲಿ ಕಂಟಿನ್ಯುಯಿಟಿ ಎಂಬ ಈ ಅರ್ಧ ಬಹುಪಾಲು ಬಿಂದುಗಳಲ್ಲಿ ಪುಕ್ಕಟೆ ಸಿಗುತ್ತದೆ! ಹೆನ್ರಿ ಬ್ಲಂಬರ್ಗ್ 1922ರಲ್ಲಿ ತೋರಿಸಿದ್ದು ಇದನ್ನೇ. ಯಾವ ಷರತ್ತೂ ಇಲ್ಲದ, ಎಂಥ ಕೆಟ್ಟ ಫಲನವೇ ಆಗಲಿ, ಅದು ನಿಯರ್ಲಿ ಕಂಟಿನ್ಯುಯಸ್ ಆಗದ ಬಿಂದುಗಳ ಸೆಟ್ ಫ್ರೆಂಚ್ ಗಣಿತಜ್ಞ ಬೇರ್ ಕೊಟ್ಟ ಅರ್ಥದಲ್ಲಿ ಸಣ್ಣದು, ಅಂದರೆ ಎಲ್ಲೂ ದಟ್ಟವಾಗದ ಸೆಟ್‌ಗಳನ್ನು ಎಣಿಸಬಹುದಾದಷ್ಟು ಸೇರಿಸಿ ಮಾಡಿದ್ದು. ಪುರಾವೆ ಎರಡೇ ಸಾಲು. ತುದಿಗಳು ಭಾಗಲಬ್ಧವಾಗಿರುವ ಇಂಟರ್ವಲ್‌ಗಳನ್ನಷ್ಟೇ ಬೆಲೆಗಳ ಕಡೆ ತೆಗೆದುಕೊಳ್ಳಿ, ಅವು ಎಣಿಸಬಹುದಾದಷ್ಟೇ ಇವೆ. ಪ್ರತಿಯೊಂದರ ಹಿಂಬಿಂಬದಲ್ಲಿ (ಫಲನದ ಬೆಲೆ ಆ ಇಂಟರ್ವಲ್ಲಿನೊಳಗೆ ಬೀಳುವ ಬಿಂದುಗಳ ಸೆಟ್ಟಿನಲ್ಲಿ) ತನ್ನದೇ ಕ್ಲೋಷರಿನ ಇಂಟೀರಿಯರ್‌ಗೆ (ಸುತ್ತ ಒಂದು ಆಸುಪಾಸು ಪೂರ್ತಿ ಒಳಗಿರುವ ಬಿಂದುಗಳಿಗೆ) ಸೇರದ ಬಿಂದುಗಳು ಆ ಕ್ಲೋಷರಿನ ಅಂಚಿನಲ್ಲಿರುತ್ತವೆ. ಕ್ಲೋಸ್ಡ್ ಸೆಟ್ಟಿನ ಅಂಚು ಎಲ್ಲೂ ದಟ್ಟವಲ್ಲ. ಮುಗಿಯಿತು. (ಬ್ಲಂಬರ್ಗ್ ಅಲ್ಲಿಂದ ಇನ್ನೂ ಮುಂದೆ ಹೋದರು: ಪ್ರತಿ ವಾಸ್ತವ ಫಲನಕ್ಕೂ ಒಂದು ದಟ್ಟ ಸೆಟ್ ಇರುತ್ತದೆ, ಫಲನವನ್ನು ಆ ಸೆಟ್ಟಿಗಷ್ಟೇ ಸೀಮಿತ ಮಾಡಿದರೆ ಅದು ಅವಿಚ್ಛಿನ್ನ. ಡಿರಿಕ್ಲೆ ಫಲನದಲ್ಲಿ ಭಾಗಲಬ್ಧಗಳೇ ಅಂಥ ಸೆಟ್.)

ಈಗ ಎರಡನ್ನೂ ಕೂಡಿಸಿ. ಎಲ್ಲ ಕಡೆ ಕ್ವಾಸಿ ಕಂಟಿನ್ಯುಯಸ್ ಆದ ಫಲನವು ಸಣ್ಣ ಸೆಟ್ಟೊಂದನ್ನು ಬಿಟ್ಟರೆ ಉಳಿದೆಲ್ಲ ಬಿಂದುಗಳಲ್ಲೂ ನಿಜವಾಗಿಯೇ ಅವಿಚ್ಛಿನ್ನ. ನಿಮ್ಮ ‘ಏನು ಸಿಗುತ್ತದೆ’ ಎಂಬ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು. ದುರ್ಬಲವಾದ ಷರತ್ತಿನಿಂದ ಹೊರಟು ಅವಿಚ್ಛಿನ್ನತೆಯನ್ನೇ ವಾಪಸು ಪಡೆಯುವ ದಾರಿ.

ಈ ಷರತ್ತು ಯಾರೋ ಕೂತು ಹೆಣೆದದ್ದಲ್ಲ, ಒಂದು ನಿಜವಾದ ಸಮಸ್ಯೆಯಿಂದ ಬಂದದ್ದು. ಎರಡು ಚರಗಳ ಫಲನ ತೆಗೆದುಕೊಳ್ಳಿ. ಒಂದನ್ನು ಸ್ಥಿರವಾಗಿಟ್ಟರೆ ಇನ್ನೊಂದರಲ್ಲಿ ಅವಿಚ್ಛಿನ್ನ, ಹಾಗೇ ತಿರುಗಿಸಿದರೂ ಅವಿಚ್ಛಿನ್ನ. ಎರಡನ್ನೂ ಒಟ್ಟಿಗೆ ಬದಲಿಸಿದರೆ? ಕೋಶಿ 1821ರ ತಮ್ಮ ಪಠ್ಯದಲ್ಲಿ ಒಟ್ಟಿಗೂ ಅವಿಚ್ಛಿನ್ನ ಎಂದೇ ಹೇಳಿಬಿಟ್ಟಿದ್ದರು. ಈಗ ಬಿ.ಎಸ್ಸಿ. ವಿದ್ಯಾರ್ಥಿಗೂ ಗೊತ್ತಿರುವ ಉದಾಹರಣೆ ಅದನ್ನು ಮುರಿಯುತ್ತದೆ: ಎರಡು ಚರಗಳ ಗುಣಲಬ್ಧವನ್ನು ಅವುಗಳ ವರ್ಗಗಳ ಮೊತ್ತದಿಂದ ಭಾಗಿಸಿ, ಮೂಲಬಿಂದುವಿನಲ್ಲಿ ಬೆಲೆ 0 ಎಂದಿಡಿ. ಅಕ್ಷಗಳ ಮೇಲೆ ಎಲ್ಲ ಕಡೆ 0. ಆದರೆ ಎರಡೂ ಚರ ಸಮನಾಗಿರುವ ಓರೆ ಗೆರೆಯ ಮೇಲೆ ಬಂದರೆ ಬೆಲೆ ಸದಾ ಅರ್ಧ. ಮೂಲಬಿಂದುವಿನಲ್ಲಿ ಒಡಕು.

ರೆನೆ ಬೇರ್ 1899ರ ತಮ್ಮ ಪ್ರಬಂಧದಲ್ಲಿ ಇಂಥ ಫಲನಗಳನ್ನೇ ಕೈಗೆತ್ತಿಕೊಂಡರು. ಮೂಲಬಿಂದುವಿನ ಹತ್ತಿರದಲ್ಲಿ 0ಗೆ ಸಮೀಪದ ಬೆಲೆಗಳ ಒಂದು ಪೆಟ್ಟಿಗೆ ಸಿಗುತ್ತದೆಯೇ? ಸಿಗುತ್ತದೆ. ಅಕ್ಷಕ್ಕೆ ಅಂಟಿಕೊಂಡು ಹೋಗಿ: ಮೊದಲ ಚರ 0.1, ಎರಡನೆಯದು 0.001 ಎಂದರೆ ಬೆಲೆ ಸುಮಾರು 0.01 ಅಷ್ಟೇ. ಅಲ್ಲಿ ತೆಳ್ಳಗಿನ ಪೆಟ್ಟಿಗೆಯೊಂದನ್ನು ಇಟ್ಟರೆ ಇಡೀ ಪೆಟ್ಟಿಗೆಯಲ್ಲಿ ಬೆಲೆ ಚಿಕ್ಕದೇ. ಇದು ಈ ಒಂದು ಫಲನದ ಅದೃಷ್ಟವಲ್ಲ, ಬೇರೆಬೇರೆಯಾಗಿ ಅವಿಚ್ಛಿನ್ನವಾದ ಪ್ರತಿ ಫಲನಕ್ಕೂ ಹೀಗೇ ಆಗುತ್ತದೆ. ಈ ಮಾತು ವೋಲ್ಟೆರಾ ಅವರದು ಎಂದು ಬೇರ್ ಸ್ವತಃ ದಾಖಲಿಸಿದ್ದಾರೆ.

ಯಾಕೆ ಹೀಗಾಗುತ್ತದೆ? ಬಿಂದುವಿನ ಮೂಲಕ ಅಡ್ಡಗೆರೆ ಎಳೆಯಿರಿ. ಅದರ ಒಂದು ತುಂಡಿನಲ್ಲಿ ಬೆಲೆಗಳು ನಮ್ಮ ಬಿಂದುವಿನ ಬೆಲೆಗೆ ಹತ್ತಿರ. ಆ ತುಂಡಿನ ಪ್ರತಿ ಬಿಂದುವಿನಿಂದಲೂ ಲಂಬವಾಗಿ ಮೇಲೆ ಕೆಳಗೆ ಸ್ವಲ್ಪ ದೂರ ಬೆಲೆ ಅಷ್ಟಾಗಿ ಬದಲಾಗುವುದಿಲ್ಲ. ಎಷ್ಟು ದೂರ ಎಂಬುದು ಬಿಂದುವಿನಿಂದ ಬಿಂದುವಿಗೆ ಬೇರೆ: ಕೆಲವಕ್ಕೆ 1, ಕೆಲವಕ್ಕೆ ಹತ್ತನೇ ಒಂದು, ಕೆಲವಕ್ಕೆ ಸಾವಿರದ ಒಂದು ಪಾಲು. ಈ ಲೆಕ್ಕದ ಪ್ರಕಾರ ತುಂಡನ್ನು ಎಣಿಸಬಹುದಾದಷ್ಟು ಗುಂಪು ಮಾಡಿದರೆ, ಬೇರ್ ಪ್ರಮೇಯದಂತೆ (ಎಲ್ಲೂ ದಟ್ಟವಾಗದ ಸೆಟ್‌ಗಳನ್ನು ಎಣಿಸಬಹುದಾದಷ್ಟು ಸೇರಿಸಿದರೂ ಒಂದು ಇಂಟರ್ವಲ್ ತುಂಬದು) ಒಂದು ಗುಂಪಾದರೂ ಚಿಕ್ಕ ತುಂಡೊಂದರಲ್ಲಿ ದಟ್ಟವಾಗಿರಲೇಬೇಕು. ಆ ಚಿಕ್ಕ ತುಂಡಿನ ಮೇಲೆ ಆ ಗುಂಪಿನ ಎತ್ತರದ ಪೆಟ್ಟಿಗೆ ಕಟ್ಟಿ. ಪೆಟ್ಟಿಗೆಯ ಪ್ರತಿ ಅಡ್ಡಗೆರೆಯಲ್ಲೂ ದಟ್ಟವಾದ ಬಿಂದುಗಳಲ್ಲಿ ಬೆಲೆ ಹತ್ತಿರ. ಅಡ್ಡಗೆರೆಯ ಮೇಲೆ ಫಲನ ಅವಿಚ್ಛಿನ್ನ. ಆದ್ದರಿಂದ ಇಡೀ ಗೆರೆಯಲ್ಲೂ ಬೆಲೆ ಹತ್ತಿರ. ಪೆಟ್ಟಿಗೆ ಸಿಕ್ಕಿತು. ನಮ್ಮ ಬಿಂದು ಆ ಪೆಟ್ಟಿಗೆಯೊಳಗೇ ಇದೆ ಎಂಬ ಭರವಸೆ ಇಲ್ಲ, ಹತ್ತಿರದಲ್ಲಿದೆ ಅಷ್ಟೇ. ಕ್ವಾಸಿ ಕಂಟಿನ್ಯುಯಿಟಿಯ ವ್ಯಾಖ್ಯೆಯಲ್ಲಿ ಆ ಸಡಿಲಿಕೆ ಯಾಕೆ ಇದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೇಲಿನ ಪ್ರಮೇಯ ಸಮತಲಕ್ಕೂ ಹಾಗೇ ಅನ್ವಯಿಸುವುದರಿಂದ, ಬೇರೆಬೇರೆಯಾಗಿ ಅವಿಚ್ಛಿನ್ನವಾದ ಫಲನ ಬಹುಪಾಲು ಬಿಂದುಗಳಲ್ಲಿ ಒಟ್ಟಾಗಿಯೂ ಅವಿಚ್ಛಿನ್ನ. ಕೋಶಿ ಹೇಳಿದ್ದರಲ್ಲಿ ಉಳಿಯಬೇಕಾದ ಸತ್ಯ ಹೀಗೆ ಉಳಿಯಿತು.

ಈ ಗುಣಕ್ಕೆ ಕ್ವಾಸಿ ಕಂಟಿನ್ಯುಯಸ್ ಎಂದು ಹೆಸರಿಟ್ಟವರು ಪೋಲೆಂಡಿನ ಸ್ಟೆಫಾನ್ ಕೆಂಪಿಸ್ಟಿ, 1932ರಲ್ಲಿ. ಮೂವತ್ತೊಂದು ವರ್ಷದ ನಂತರ, 1963ರಲ್ಲಿ, ಅಮೆರಿಕದ ನಾರ್ಮನ್ ಲೆವಿನ್ ಸೆಮಿ ಓಪನ್ ಸೆಟ್ ಎಂಬುದನ್ನು ತಂದರು: ತನ್ನ ಇಂಟೀರಿಯರಿನ ಕ್ಲೋಷರ್ ಒಳಗೆ ಇರುವ ಸೆಟ್. ಓಪನ್ ಸೆಟ್ಟಿಗೆ ಅಂಚಿನ ಒಂದಷ್ಟು ಬಿಂದುಗಳನ್ನು ಸೇರಿಸಿದ ಹಾಗೆ. ಓಪನ್ ಸೆಟ್ಟಿನ ಹಿಂಬಿಂಬ ಸೆಮಿ ಓಪನ್ ಆದರೆ ಫಲನ ಸೆಮಿ ಕಂಟಿನ್ಯುಯಸ್. ಇದು ಕೆಂಪಿಸ್ಟಿಯ ಗುಣವೇ ಎಂದು ನ್ಯೂಬ್ರುನೋವಾ 1973ರಲ್ಲಿ ತೋರಿಸಿದರು. ನಿಮ್ಮ ಪಟ್ಟಿಯ ಮೊದಲೆರಡು ಹೆಸರು ಹೀಗೆ ಒಂದೇ ಆಯಿತು. ಒಂದು ಎಚ್ಚರಿಕೆ: ಅನಾಲಿಸಿಸ್‌ನಲ್ಲಿ ಬರುವ ಅಪ್ಪರ್ ಸೆಮಿ ಕಂಟಿನ್ಯುಯಸ್, ಲೋವರ್ ಸೆಮಿ ಕಂಟಿನ್ಯುಯಸ್ ಬೇರೆಯೇ ವಿಷಯ. ಪ್ರಬಂಧ ಬರೆಯುವಾಗ ಕ್ವಾಸಿ ಎಂಬ ಹೆಸರನ್ನೇ ಬಳಸಿ, ಓದುವವರಿಗೆ ಉಪಕಾರವಾಗುತ್ತದೆ.

ಲಾಭದ ಮಾತಾಯಿತು, ನಷ್ಟದ್ದೂ ಹೇಳಬೇಕು. 0ಯಿಂದ ಬಲಕ್ಕೆ, 0 ಸೇರಿ, ಬೆಲೆ 1, ಎಡಕ್ಕೆ 0 ಆಗಿರುವ ಒಂದು ಫಲನ. 0ಯಿಂದ ಎಡಕ್ಕೆ, 0 ಸೇರಿ, ಬೆಲೆ 1, ಬಲಕ್ಕೆ 0 ಆಗಿರುವ ಇನ್ನೊಂದು. ಎರಡೂ ಕ್ವಾಸಿ ಕಂಟಿನ್ಯುಯಸ್. ಕೂಡಿಸಿ ನೋಡಿ: 0ಯಲ್ಲಿ 2, ಉಳಿದೆಲ್ಲ ಕಡೆ 1. 0ಯಲ್ಲಿರುವ 2 ಈಗ ಒಂಟಿ, ಪಕ್ಕದಲ್ಲಿ ಅದಕ್ಕೆ ನೆಲೆಯೇ ಇಲ್ಲ. ಮೊತ್ತ ಕ್ವಾಸಿ ಕಂಟಿನ್ಯುಯಸ್ ಅಲ್ಲ. ಸೆಟ್‌ಗಳ ಭಾಷೆಯಲ್ಲಿ ಇದೇ ಮಾತು: 0 ಸೇರಿದ ಬಲ ಅರ್ಧರೇಖೆ ಸೆಮಿ ಓಪನ್, 0 ಸೇರಿದ ಎಡ ಅರ್ಧರೇಖೆ ಸೆಮಿ ಓಪನ್, ಅವೆರಡೂ ಕೂಡುವುದು 0 ಎಂಬ ಒಂದೇ ಬಿಂದುವಿನಲ್ಲಿ, ಅದು ಸೆಮಿ ಓಪನ್ ಅಲ್ಲ. ಯಾವ ಟೊಪಾಲಜಿಯಲ್ಲೇ ಆದರೂ, ಅಂದರೆ ಯಾವ ಸೆಟ್‌ಗಳನ್ನು ಓಪನ್ ಎನ್ನಬೇಕೆಂಬ ಏರ್ಪಾಡು ಯಾವುದೇ ಇರಲಿ, ಅವಿಚ್ಛಿನ್ನ ವಾಸ್ತವ ಫಲನಗಳ ಮೊತ್ತ ಅವಿಚ್ಛಿನ್ನವೇ. ಹಾಗಾಗಿ ಸಂಖ್ಯಾರೇಖೆಗೆ ಬೇರೆ ಯಾವ ಟೊಪಾಲಜಿ ಕೊಟ್ಟರೂ ಕ್ವಾಸಿ ಕಂಟಿನ್ಯುಯಿಟಿ ಅದರ ಸಾಮಾನ್ಯ ಅವಿಚ್ಛಿನ್ನತೆ ಆಗಲಾರದು.

ಇನ್ನೊಂದು ನಷ್ಟ ಇನ್ನೂ ದೊಡ್ಡದು. ಕ್ಯಾಂಟರ್ ಸೆಟ್ ತೆಗೆದುಕೊಳ್ಳಿ, ಮಧ್ಯದ ಮೂರನೇ ಒಂದು ಪಾಲು ಕಿತ್ತುಹಾಕುತ್ತ ಹೋಗಿ ಉಳಿಯುವುದು. ಕಿತ್ತುಹಾಕಿದ ಪ್ರತಿ ಖಾಲಿ ಜಾಗದ ಎಡ ಅರ್ಧದಲ್ಲಿ 0, ಬಲ ಅರ್ಧದಲ್ಲಿ 1, ನಡುಬಿಂದುವಿನಲ್ಲಿ 1 ಎಂದು ಬೆಲೆ ಇಡಿ. ಕ್ಯಾಂಟರ್ ಸೆಟ್ಟಿನ ಬಿಂದುಗಳಲ್ಲಿ 0 ಅಥವಾ 1, ನಿಮಗೆ ಇಷ್ಟ ಬಂದಂತೆ ಹಂಚಿ, ಯಾವ ನಿಯಮವೂ ಬೇಡ. ಬಂದ ಫಲನ ಕ್ವಾಸಿ ಕಂಟಿನ್ಯುಯಸ್! ಯಾಕೆಂದರೆ ಕ್ಯಾಂಟರ್ ಸೆಟ್ಟಿನ ಯಾವ ಬಿಂದುವಿನ ಎಷ್ಟೇ ಹತ್ತಿರ ಹೋದರೂ ಇಡೀ ಖಾಲಿ ಜಾಗವೊಂದು ಸಿಗುತ್ತದೆ, ಅದರಲ್ಲಿ 0ರ ತುಂಡೂ ಇದೆ, 1ರ ತುಂಡೂ ಇದೆ. ನೀವು ಯಾವ ಬೆಲೆ ಕೊಟ್ಟಿದ್ದರೂ ಅದಕ್ಕೆ ಪಕ್ಕದಲ್ಲಿ ನೆಲೆ ಸಿದ್ಧ. ಹೀಗೆ ಹಂಚುವ ವಿಧಾನಗಳು ವಾಸ್ತವ ಸಂಖ್ಯೆಗಳ ಎಲ್ಲ ಉಪಗಣಗಳಷ್ಟು. ಅವಿಚ್ಛಿನ್ನ ಫಲನಗಳೋ ವಾಸ್ತವ ಸಂಖ್ಯೆಗಳಷ್ಟೇ. ಕಿತ್ತುಹಾಕುವ ಪಾಲನ್ನು ಕಡಿಮೆ ಮಾಡಿ, ಧನ ಅಳತೆ (ಒಟ್ಟು ಉದ್ದ) ಉಳಿಯುವ ದಪ್ಪ ಕ್ಯಾಂಟರ್ ಸೆಟ್ ಬಳಸಿದರೆ, ಲೆಬೆಗ್ ಅಳತೆಗೇ ಸಿಗದ ಕ್ವಾಸಿ ಕಂಟಿನ್ಯುಯಸ್ ಫಲನವೂ ಹುಟ್ಟುತ್ತದೆ. ಬೇರ್ ಅರ್ಥದಲ್ಲಿ ಸಭ್ಯ, ಅಳತೆಯ ಅರ್ಥದಲ್ಲಿ ಕಾಡು. ಈ ಉದಾಹರಣೆಯನ್ನು ನಿಮ್ಮ ಕೈಯಾರೆ ಒಮ್ಮೆ ಬರೆದು ನೋಡಿ. ಹತ್ತು ಲೇಖನ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಅಳತೆಯ ಕಡೆಯಿಂದ ಬಂದ ಸಡಿಲಿಕೆ ಅಪ್ರಾಕ್ಸಿಮೇಟ್ ಕಂಟಿನ್ಯುಯಿಟಿ, 1915ರಲ್ಲಿ ಅರ್ನೋ ದಾಂಜ್ವಾ ಕೊಟ್ಟದ್ದು. ಇಲ್ಲಿ ಕ-ದ ಹತ್ತಿರ ಕೆಲವು ಬಿಂದುಗಳು ಬೆಲೆ ತಪ್ಪಬಹುದು, ಆದರೆ ಇಂಟರ್ವಲ್ ಕಿರಿದಾಗುತ್ತ ಹೋದಂತೆ ತಪ್ಪಿದವುಗಳ ಪಾಲು 0ಗೆ ಇಳಿಯಬೇಕು. ಇದು ಕ್ವಾಸಿಯ ಹಾಗಲ್ಲ, ನಿಜವಾಗಿಯೂ ಒಂದು ಟೊಪಾಲಜಿಯ ಅವಿಚ್ಛಿನ್ನತೆ. ಅದಕ್ಕೆ ಡೆನ್ಸಿಟಿ ಟೊಪಾಲಜಿ ಎನ್ನುತ್ತಾರೆ. ಆದ್ದರಿಂದ ಮೊತ್ತ, ಗುಣಲಬ್ಧ ಎಲ್ಲ ಸಲೀಸು. ಮಿತಿಯೊಳಗಿನ ಬೆಲೆಗಳಿರುವ ಇಂಥ ಫಲನ ಯಾವುದಾದರೊಂದು ಫಲನದ ಡಿರೈವೇಟಿವ್ ಆಗಿರುತ್ತದೆ ಎಂಬುದು ದಾಂಜ್ವಾ ಅವರದೇ ಫಲಿತಾಂಶ.

ಡಿರೈವೇಟಿವ್ ಎಂದಾಗ ಡಾರ್ಬೂ ನೆನಪಾಗಬೇಕು. 1875ರಲ್ಲಿ ಅವರು ತೋರಿಸಿದಂತೆ ಪ್ರತಿ ಡಿರೈವೇಟಿವ್ ತನ್ನ ಯಾವುದೇ ಎರಡು ಬೆಲೆಗಳ ನಡುವಿನ ಬೆಲೆಗಳನ್ನೆಲ್ಲ ಮುಟ್ಟುತ್ತದೆ, ಅವಿಚ್ಛಿನ್ನವಲ್ಲದಿದ್ದರೂ. ‘ಪೆನ್ನು ಎತ್ತದೆ ಬರೆಯುವುದು’ ಎಂದು ನಾವು ತರಗತಿಯಲ್ಲಿ ಹೇಳುವ ಮಾತಿಗೆ ಹತ್ತಿರದ ಗುಣ ಇದೇ ಅನ್ನಿಸುತ್ತದೆ, ಆದರೆ ಇದೊಂದನ್ನೇ ನಂಬಿ ಅವಿಚ್ಛಿನ್ನತೆ ಕಟ್ಟಲು ಆಗುವುದಿಲ್ಲ: ಲಿಂಡೆನ್‌ಬೌಮ್ 1927ರಲ್ಲಿ ಹೇಳಿದಂತೆ ಯಾವುದೇ ಫಲನವನ್ನು ನಡುಬೆಲೆಗಳನ್ನೆಲ್ಲ ಮುಟ್ಟುವ ಎರಡು ಫಲನಗಳ ಮೊತ್ತವಾಗಿ ಬರೆಯಬಹುದು, ಡಿರಿಕ್ಲೆಯದನ್ನೂ. ಡಿರೈವೇಟಿವ್‌ಗಳೆಲ್ಲ ಕ್ವಾಸಿ ಕಂಟಿನ್ಯುಯಸ್ ಎಂದೂ ಅಂದುಕೊಳ್ಳಬೇಡಿ. ಪೊಂಪೇಯು 1907ರಲ್ಲಿ ಕೊಟ್ಟ ಡಿರೈವೇಟಿವ್ ದಟ್ಟವಾದ ಸೆಟ್ಟಿನಲ್ಲಿ 0, ಆದರೂ ಪೂರ್ತಿ 0 ಅಲ್ಲ. ಅದರ ಬೆಲೆ 0 ಅಲ್ಲದ ಬಿಂದುವಿನಲ್ಲಿ ನೆಲೆ ಸಿಗುವುದಾದರೂ ಎಲ್ಲಿಂದ?

ಈಗ ಬಿಡಬಹುದಾದವು. ಲೆವಿನ್ 1961ರಲ್ಲಿ ತಂದ ವೀಕ್ಲಿ ಕಂಟಿನ್ಯುಯಿಟಿಯಲ್ಲಿ ಬೆಲೆಗಳು ಓಪನ್ ಸೆಟ್ಟಿನೊಳಗೆ ಅಲ್ಲ, ಅದರ ಕ್ಲೋಷರಿನೊಳಗೆ ಬಂದರೆ ಸಾಕು. ವಾಸ್ತವ ಸಂಖ್ಯೆಗಳಲ್ಲಿ ಚಿಕ್ಕ ಇಂಟರ್ವಲ್ಲಿನ ಕ್ಲೋಷರ್ ಇನ್ನೊಂದು ಚಿಕ್ಕ ಇಂಟರ್ವಲ್ಲಿನೊಳಗೆ ಕೂರುತ್ತದೆ, ಹಾಗಾಗಿ ಇಲ್ಲಿ ಸಡಿಲವಾದದ್ದು ಏನೂ ಇಲ್ಲ. ನ್ಯೋಸ್ಟಾಡ್ 1965ರಲ್ಲಿ ತಂದ ಆಲ್ಫಾ ಸೆಟ್‌ಗಳೂ ಹಾಗೆಯೇ. ಆಲ್ಫಾ ಕಂಟಿನ್ಯುಯಿಟಿ ಎಂದರೆ ಸೆಮಿ ಮತ್ತು ಪ್ರೀ ಎರಡೂ ಕೂಡಿದ್ದು ಎಂದು ರೈಲಿ ಮತ್ತು ವಾಮನಮೂರ್ತಿ 1985ರಲ್ಲಿ ಬರೆದಿದ್ದಾರೆ. ಅವೆರಡೂ ಕೂಡಿದರೆ ವಾಸ್ತವ ಫಲನಕ್ಕೆ ಅವಿಚ್ಛಿನ್ನತೆಯೇ ಎಂದು ಮೇಲೆ ನೋಡಿದೆವು. ಆಲ್ಮೋಸ್ಟ್ ಕಂಟಿನ್ಯುಯಸ್ ಎಂಬ ಹೆಸರಂತೂ ಮೂರು ಬೇರೆ ಗುಣಗಳಿಗೆ ಇದೆ. ಸ್ಟಾಲಿಂಗ್ಸ್ 1959ರಲ್ಲಿ ಹೇಳಿದ್ದು ಗ್ರಾಫಿನ ಬಗ್ಗೆ: ಗ್ರಾಫನ್ನು ಒಳಗೊಂಡ ಪ್ರತಿ ಓಪನ್ ಸೆಟ್ಟೂ ಒಂದು ಅವಿಚ್ಛಿನ್ನ ಫಲನದ ಗ್ರಾಫನ್ನೂ ಒಳಗೊಳ್ಳಬೇಕು. ಫಿಕ್ಸ್‌ಡ್ ಪಾಯಿಂಟ್ ಪ್ರಮೇಯಗಳಿಗೆ ಬೇಕಾಗಿ ಬಂದ, ಓದಲು ಯೋಗ್ಯವಾದ ಗುಣ ಅದು. ಹುಸೇನ್ 1966ರಲ್ಲಿ ಹೇಳಿದ್ದು ನಮ್ಮ ನಿಯರ್ಲಿ ಕಂಟಿನ್ಯುಯಿಟಿ. 1968ರಲ್ಲಿ ಸಿಂಗಲ್ ದಂಪತಿ ಹೇಳಿದ್ದು ರೆಗ್ಯುಲರ್ ಓಪನ್ ಸೆಟ್‌ಗಳ (ತಮ್ಮ ಕ್ಲೋಷರಿನ ಇಂಟೀರಿಯರೇ ಆಗಿರುವ ಸೆಟ್‌ಗಳ) ಹಿಂಬಿಂಬದ ಮಾತು. ಸಂಖ್ಯಾರೇಖೆಯ ಓಪನ್ ಇಂಟರ್ವಲ್‌ಗಳೆಲ್ಲ ರೆಗ್ಯುಲರ್ ಓಪನ್ ಆದ್ದರಿಂದ ವಾಸ್ತವ ಫಲನಗಳಿಗೆ ಅದು ಹೊಸದೇನನ್ನೂ ಕೊಡುವುದಿಲ್ಲ. ಈ ವ್ಯಾಖ್ಯೆಗಳು ಕೆಲಸಕ್ಕೆ ಬಾರದವು ಎಂದು ನಾನು ಹೇಳುತ್ತಿಲ್ಲ. ಬೆಲೆಗಳ ಕಡೆಯ ಸ್ಪೇಸ್ ರೆಗ್ಯುಲರ್ (ಬಿಂದುವನ್ನೂ ಅದು ಸೇರದ ಕ್ಲೋಸ್ಡ್ ಸೆಟ್ಟನ್ನೂ ಒಂದಕ್ಕೊಂದು ತಾಗದ ಓಪನ್ ಸೆಟ್‌ಗಳಿಂದ ಬೇರ್ಪಡಿಸಬಹುದಾದದ್ದು) ಅಲ್ಲದಿದ್ದಾಗ ಇವುಗಳಿಗೆ ನಿಜವಾದ ಅರ್ಥ ಬರುತ್ತದೆ. ನೀವು ಕೇಳಿದ್ದು ವಾಸ್ತವ ಫಲನಗಳ ಬಗ್ಗೆ, ಅದಕ್ಕೆ ಈ ಮಾತು.

ಹೊಸ ಅಕ್ಷರ ಸೇರಿಸಿ ಹೊಸ ಕಂಟಿನ್ಯುಯಿಟಿ ಎನ್ನುವ ಲೇಖನಗಳು ನಮ್ಮ ದೇಶದಲ್ಲೇ ಬಹಳ ಬರುತ್ತಿವೆ. ಅಂಥದೊಂದು ಕೈಗೆ ಬಂದಾಗ ಮೂರು ಫಲನಗಳ ಮೇಲೆ ಅದನ್ನು ಪರೀಕ್ಷಿಸಿ: ಮೆಟ್ಟಿಲು, ಡಿರಿಕ್ಲೆ, ಮತ್ತು ಥೋಮೆಯ ಫಲನ. ಮೂರನೆಯದು ಅಭಾಗಲಬ್ಧಕ್ಕೆ 0, ಸಂಕ್ಷಿಪ್ತ ರೂಪದ ಭಿನ್ನರಾಶಿಗೆ 1ನ್ನು ಛೇದದಿಂದ ಭಾಗಿಸಿದ ಬೆಲೆ ಕೊಡುತ್ತದೆ. ಮೂರನೇ ಎರಡಕ್ಕೆ ಮೂರನೇ ಒಂದು. ಅಭಾಗಲಬ್ಧಗಳಲ್ಲೆಲ್ಲ ಅವಿಚ್ಛಿನ್ನ, ಅಂದರೆ ಬಹುಪಾಲು ಬಿಂದುಗಳಲ್ಲಿ ಅವಿಚ್ಛಿನ್ನ, ಆದರೂ ಯಾವ ಭಾಗಲಬ್ಧದಲ್ಲೂ ಕ್ವಾಸಿ ಕಂಟಿನ್ಯುಯಸ್ ಅಲ್ಲ. ನಾವು ಸಾಧಿಸಿದ ಪ್ರಮೇಯದ ವಿಲೋಮ ಸುಳ್ಳು ಎಂಬುದಕ್ಕೆ ಇದೇ ಸಾಕ್ಷಿ. ವಿಲೋಮವೂ ನಿಜವಾಗುವಷ್ಟು ಸಡಿಲ ಮಾಡಿದ ಗುಣಕ್ಕೆ ಕ್ಲಿಕಿಷ್ ಎಂಬ ಹೆಸರಿದೆ, 1953ರಲ್ಲಿ ಥೀಲ್ಮನ್ ಕೊಟ್ಟದ್ದು. ಕ-ದ ಪ್ರತಿ ಆಸುಪಾಸಿನಲ್ಲೂ ಬೆಲೆಗಳು ತಮ್ಮತಮ್ಮಲ್ಲೇ ಹತ್ತಿರವಿರುವ ಓಪನ್ ಸೆಟ್ ಒಂದಿದ್ದರೆ ಸಾಕು, ಫ(ಕ)ಗೆ ಹತ್ತಿರ ಇರಬೇಕೆಂದಿಲ್ಲ. ಮೇಲೆ ಮೊತ್ತ ಮಾಡಿದಾಗ 0ಯಲ್ಲಿ 2 ಬಂದ ಫಲನವೂ ಈ ಗುಂಪಿಗೆ ಸೇರುತ್ತದೆ. ಎರಡು ಕ್ವಾಸಿ ಕಂಟಿನ್ಯುಯಸ್ ಫಲನಗಳ ಮೊತ್ತ ಯಾವಾಗಲೂ ಕ್ಲಿಕಿಷ್ ಎಂಬುದನ್ನು ಈ ಉತ್ತರದಲ್ಲಿರುವ ಮಾತುಗಳಿಂದಲೇ ಸಾಧಿಸಬಹುದು. ಮುಂದಿನ ಓದನ್ನು ಅಲ್ಲಿಂದ ಶುರು ಮಾಡಿ.